ಓರೆ ನಿಂತ ದಾಳ

ಜೋಳದ ಸುಗ್ಗಿ. ಕಣದಲ್ಲಿ ಎತ್ತುಗಳು ತೆನೆ ತುಳಿಯುತ್ತಿದ್ದವು. ಕಣದ ಅಂಚಿನ ಬೇವಿನ ನೆರಳಲ್ಲಿ ಬಡಿಗೇರ ಮೌನೇಶಪ್ಪ ಬಂಡಿಗೆ ಹೊಸ ಅಚ್ಚು ಕೆತ್ತುತ್ತಿದ್ದ. ಆ ಅಚ್ಚಿನಿಂದ ಉಳಿದ ಜಾಲಿಯ ತುಂಡು ನಾನು. ಬಾಚಿಯಿಂದ ನನ್ನ ನಾಲ್ಕು ಮೈ ಕೆತ್ತಿದ, ಕಾದ ಮೊಳೆಯಿಂದ ಚುಕ್ಕೆ ಸುಟ್ಟ. ಹೀಗೆ ನಾನೊಂದು ಪಗಡೆಯ ದಾಳವಾದೆ. ಅದೇ ತುಂಡಿನಲ್ಲಿ ನನಗೊಬ್ಬ ತಮ್ಮನೂ ಹುಟ್ಟಿದ.

ನಮ್ಮನ್ನು ಮಾಡಿಸಿದವನು ಕಣದ ಒಡೆಯ ಗುರುಸಿದ್ದಪ್ಪ. ಮಧ್ಯಾಹ್ನ ಬುತ್ತಿ ಉಂಡ ಮೇಲೆ, ಎತ್ತುಗಳು ದಣಿವಾರಿಸಿಕೊಳ್ಳುವಷ್ಟು ಹೊತ್ತು, ಪಕ್ಕದ ಹೊಲದ ದ್ಯಾಮಪ್ಪನೊಂದಿಗೆ ಕಂಬಳಿ ಹಾಸಿ ಆಡುತ್ತಿದ್ದ. ಆ ಊರ ಆಟಕ್ಕೆ ಒಂದು ಕಟ್ಟಳೆ ಇತ್ತು. ದಾಳ ಸಪಾಟಾಗಿ ಕೂಡದೆ ಓರೆ ನಿಂತರೆ ಎಸೆದವನು ಅದನ್ನು ಮುಟ್ಟುವ ಹಾಗಿಲ್ಲ. ಎದುರಾಳಿ ಎತ್ತಿ ಅವನ ಕೈಗೆ ಕೊಡಬೇಕು, ಅವನು ಮತ್ತೆ ಎಸೆಯಬೇಕು.

ಒಂದು ದಿನ ಟಗರು ಪಣವಾಯಿತು. ಗುರುಸಿದ್ದಪ್ಪನ ಕೊನೆಯ ಕಾಯಿ ಹಣ್ಣಾಗಿ ಮನೆ ಸೇರುವುದರಲ್ಲಿತ್ತು. ಅವನು ಎಸೆದ. ತಮ್ಮ ಸರಿಯಾಗಿ ಕುಳಿತ. ನಾನು ಕಂಬಳಿಯ ಮಡಿಕೆಗೆ ತಾಗಿ ಓರೆ ನಿಂತೆ.

"ಎತ್ತಿ ಕೊಡೋ ದ್ಯಾಮಾ."

"ಯಾಕ ಎತ್ತಲಿ? ಒಂದ ಬಿದ್ದೈತಿ. ನಿನ್ನ ಕಾಯಿ ಅಲ್ಲೇ ಕುಂತು ಕೊಳೀತದ."

"ಕಣ್ಣಾಗ ಹೊಟ್ಟ ಬಿದ್ದೈತೇನು? ಓರೆ ನಿಂತೈತಿ."

"ನೀ ಹುಟ್ಟಿದಾಗಿಂದ್ಲೂ ಓರೆನ ಬಿಡು!"

ಗುರುಸಿದ್ದಪ್ಪ ತಾನೇ ಕೈ ಚಾಚಿದ. ಅವನ ಬೆರಳು ನನ್ನನ್ನು ಹಿಡಿಯುತ್ತಿದ್ದಂತೆ ದ್ಯಾಮಪ್ಪನ ಕುಡಗೋಲು ಮಣಿಕಟ್ಟಿನ ಮೇಲೆ ಇಳಿಯಿತು. ಬೆರಳು ಸಡಿಲವಾದವು, ನಾನು ಉರುಳಿದೆ. ಎರಡನೆಯ ಏಟು ಕುತ್ತಿಗೆಗೆ ಬಿತ್ತು. ಸುಟ್ಟ ಚುಕ್ಕೆಗಳಲ್ಲೆಲ್ಲ ಬಿಸಿ ರಕ್ತ ತುಂಬಿಕೊಂಡಿತು. ಎತ್ತುಗಳು ಬೆದರಿ ಹಗ್ಗ ಹರಿದುಕೊಂಡು ಕಂಬಳಿಯ ಮೇಲೆಯೇ ನುಗ್ಗಿದವು. ಗೊರಸಿನ ಅಡಿಗೆ ಸಿಕ್ಕ ತಮ್ಮ ಸೀಳಿಹೋದ. ಗುರುಸಿದ್ದಪ್ಪನ ಹಿಮ್ಮಡಿ ಸ್ವಲ್ಪ ಹೊತ್ತು ತೆನೆಗಳನ್ನು ತಿಕ್ಕುತ್ತಿತ್ತು. ಆಮೇಲೆ ನಿಂತಿತು.

ಸಂಜೆಯೊಳಗೆ ಅವನ ಅಣ್ಣತಮ್ಮಂದಿರು ದ್ಯಾಮಪ್ಪನ ಬಣವಿಗೆ ಬೆಂಕಿ ಇಟ್ಟರು, ಅವನ ಎತ್ತಿನ ಹಿಂಗಾಲಿನ ನರ ಕಡಿದರು. ದ್ಯಾಮಪ್ಪ ಜೈಲಿಗೆ ಹೋದ. ಗುರುಸಿದ್ದಪ್ಪನ ಹೆಂಡತಿ ಬಾಳವ್ವ ನನ್ನನ್ನು ತೊಳೆಯದೆ ಹಾಗೆಯೇ ಗಡಿಗೆಯೊಳಗೆ ಹಾಕಿದಳು. ಅಲ್ಲಿ ನನ್ನ ಒಂದು ಮೂಲೆಯನ್ನು ಇಲಿ ಕಡಿಯಿತು.

ಬಹಳ ವರ್ಷಗಳ ಮೇಲೆ ನನ್ನನ್ನು ಹೊರತೆಗೆದವಳು ಬಾಳವ್ವನ ಮೊಮ್ಮಗಳು ಮಹಾನಂದಾ. ಹಲಗೆಯ ಮೇಲೆ, ಪರದೆಯ ಮೇಲೆ ಆಡುವ ಆಟಗಳನ್ನು ಬರೆಯುವುದೇ ಅವಳ ಕಸುಬು. ಯಾರ ಸಂಬಳದವಳೂ ಅಲ್ಲ, ಕೇಳಿದವರಿಗೆ ಕಥೆ, ಕಟ್ಟಳೆ ಬರೆದುಕೊಡುತ್ತಾಳೆ. ಅವಳ ಮೇಜಿನ ಮೇಲೆ ಆಗ ಮೂರು ಆಟಗಳು ಹರಡಿದ್ದವು. ಒಂದರಲ್ಲಿ ಕೋಟೆಗೆ ಮುತ್ತಿಗೆ. ಏಣಿ ಹತ್ತುವವರ ಮೇಲೆ ಕಾದ ಎಣ್ಣೆ ಸುರಿಯಬೇಕು. ಇನ್ನೊಂದರಲ್ಲಿ ತೋಳದ ಹಿಂಡು ಕುರಿಹಟ್ಟಿಗೆ ನುಗ್ಗುತ್ತದೆ. ಮೂರನೆಯದನ್ನು ಬರೆದುಕೊಡೆಂದು ಯಾರೂ ಕೇಳಿರಲಿಲ್ಲ. ಅದರಲ್ಲಿ ಒಂದು ಕಣ, ಒಂದು ಟಗರು, ಒಂದು ಕುಡಗೋಲು.

ಬರೆದು ಬೇಸತ್ತರೆ ಶೇಂಗಾ ತಿನ್ನುತ್ತ ವಿಡಿಯೋ ಗೇಮ್ ಆಡುತ್ತಿದ್ದಳು. ಪರದೆಯ ತುಂಬ ಈಟಿ, ಕೊಡಲಿ, ಉರುಳುವ ತಲೆಗಳು. ಬಾಳವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇವತ್ತ ಎಷ್ಟ ಮಂದೀನ ಕಡದ್ಯವ್ವಾ?"

"ಯಾರಿಗೆ ನೆನಪೈತಿ ಆಯಿ! ಗುಂಡಿ ಒತ್ತಿದ್ರ ಎಲ್ಲಾರೂ ಮತ್ತ ಎದ್ದ ಬರ್ತಾರ."

"ನಿಮ್ಮಜ್ಜಗ ಆ ಗುಂಡಿ ಎಲ್ಲಿತ್ತೋ, ನನಗ ಸಿಗಲಿಲ್ಲ ನೋಡು."

ಮಹಾನಂದಾ ಅಂದು ಮತ್ತೆ ಆಡಲಿಲ್ಲ.

ಮೂರನೆಯ ಆಟ ಒಂದೇ ಕಡೆ ಸಿಕ್ಕಿಕೊಂಡಿತ್ತು. ದಾಳ ಓರೆ ನಿಂತರೆ ಮುಂದೇನು? ಎದುರಾಳಿ ಎತ್ತಿ ಕೊಟ್ಟ ಎಂದು ಬರೆದರೆ ಅಜ್ಜ ಸತ್ತದ್ದು ಸುಳ್ಳಾಗುತ್ತದೆ. ಕೊಡಲಿಲ್ಲ ಎಂದು ಬರೆದರೆ ಪ್ರತಿ ಸಲವೂ ಅದೇ ಕುತ್ತಿಗೆ ಬೀಳುತ್ತದೆ, ಅದು ಆಟವೇ ಅಲ್ಲ. ಬರೆದಳು, ಹೊಡೆದುಹಾಕಿದಳು. ಕಡೆಗೆ, ಜೈಲಿನಿಂದ ಬಂದು ಮುದುಕನಾಗಿದ್ದ ದ್ಯಾಮಪ್ಪನಿಗೇ ಹೇಳಿ ಕಳಿಸಿದಳು.

"ಅವನ ನೆಳ್ಳು ನನ್ನ ಹೊಸ್ತಲಾ ದಾಟಬಾರ್ದು," ಎಂದಳು ಬಾಳವ್ವ. ಹಾಗಾಗಿ ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹಾಸಿದರು. ನನ್ನ ಜೊತೆಗೆ ಹೊಸ ದಾಳವೊಂದನ್ನು ಇಟ್ಟರು.

ದ್ಯಾಮಪ್ಪ ಕೋಲೂರಿಕೊಂಡು ಬಂದ. ನನ್ನನ್ನು ಕಂಡು ನಿಂತ, ಆಮೇಲೆ ಕುಳಿತ. ಆಟ ಶುರುವಾಯಿತು. ಬಹಳ ಹೊತ್ತಿನ ಮೇಲೆ ಮಹಾನಂದಾ ಎಸೆದಾಗ ನಾನು ಮಡಿಕೆಗೆ ತಾಗಿ ಓರೆ ನಿಂತೆ. ಅವಳು ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಮುದುಕ ಕೋಲೆತ್ತಿ ಕಟ್ಟೆಯ ಕಲ್ಲಿಗೆ ಬಡಿದ. ಕೋಲು ಎರಡು ತುಂಡಾಗಿ ಒಂದು ಅವಳ ಕೆನ್ನೆ ಸೀಳಿಕೊಂಡು ಹೋಯಿತು. ಅವಳು ಕದಲಲಿಲ್ಲ. ರಕ್ತ ಗದ್ದದಿಂದ ಕಂಬಳಿಗೆ ತೊಟ್ಟಿಕ್ಕಿತು.

ಆಗ ಅವನು ನನ್ನನ್ನು ಎತ್ತಿದ.

"ಹಿಡಿ ತಂಗಿ. ಮತ್ತ ಒಗಿ."

ಅವಳು ಕೈ ಎತ್ತುವಷ್ಟರಲ್ಲಿ ಹೊಸ್ತಿಲಿನಿಂದ ಬಾಳವ್ವನ ದನಿ ಬಂತು: "ಇಸ್ಗೋಬ್ಯಾಡ ಮಹಾನಂದಾ. ಆ ಪಾಳಿ ನಿಂದಲ್ಲ."

"ಮತ್ತ ಯಾರ ಕೈಯಾಗ ಕೊಡ್ಲಿ ಬಾಳವ್ವಾ?"

"ಯಾರದ ಪಾಳಿ ಐತೋ ಅವರ ಕೈಯಾಗ ಕೊಡು."

ಮಹಾನಂದಾ ಕೆನ್ನೆಗೆ ಸೆರಗು ಒತ್ತಿಕೊಂಡು ಅಲ್ಲಿಯೇ ಕಟ್ಟಳೆ ಬರೆದಳು: ಓರೆ ನಿಂತ ದಾಳ ಎತ್ತಿದವನ ಕೈಯಲ್ಲೇ ಉಳಿಯುತ್ತದೆ. ಆಟ ಅಲ್ಲಿಗೆ ನಿಲ್ಲುತ್ತದೆ.

ಈಗ ನಾನು ದ್ಯಾಮಪ್ಪನ ಅಂಗಿಯ ಕಿಸೆಯಲ್ಲಿದ್ದೇನೆ. ಚುಕ್ಕೆಗಳು ಮಾಸಿವೆ. ಬೆಳಿಗ್ಗೆ ಅವನು ಪಾಳು ಬಿದ್ದ ಆ ಕಣಕ್ಕೆ ಹೋಗಿ ಬೇವಿನ ಕೆಳಗೆ ಕೂಡುತ್ತಾನೆ. ನನ್ನನ್ನು ಅಂಗೈಯಲ್ಲಿಟ್ಟು ಮುಂದಕ್ಕೆ ಚಾಚುತ್ತಾನೆ. ಕೈ ಸೋಲುವವರೆಗೂ ಹಾಗೆಯೇ ಇರುತ್ತಾನೆ. ನಾನು ಮರದ ತುಂಡು, ಯಾರ ಕೈಯಲ್ಲಾದರೂ ಉರುಳಬಲ್ಲೆ. ಆದರೆ ಈ ಅಂಗೈಯಿಂದ ನನ್ನನ್ನು ಎತ್ತಿಕೊಳ್ಳಬೇಕಾದವನು ಬರುವುದಿಲ್ಲ.