ಡೆನ್ಮಾರ್ಕಿನ ಮನೆ, ಆಲೆಟ್ಟಿಯ ಮನೆ

೧೯೮೫ರ ಫೆಬ್ರವರಿಯಲ್ಲಿ ಪುತ್ತೂರಿನ ವಕೀಲ ತಿರುಮಲೇಶ್ವರ ಭಟ್ಟರ ಆಫೀಸಿನ ಟೈಪಿಸ್ಟ್ ಹರಿಣಾಕ್ಷಿಗೆ ಡೆನ್ಮಾರ್ಕಿನ ಒಂದು ಮನೆಯ ಬಚ್ಚಲಿನ ಉದ್ದಗಲ ಬಾಯಿಪಾಠವಾಗಿತ್ತು. ತಾನು ಮದುವೆಯಾಗಿ ಹೋಗಬೇಕೆಂದು ಮನೆಯವರು ಹೇಳುತ್ತಿದ್ದ ಮನೆಗೆ ಎಷ್ಟು ಕೋಣೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಬಚ್ಚಲಿನ ವಿಷಯ ಬಂದದ್ದು ಹೀಗೆ. ಊರ ಹೊರಗೆ ಸಾರಮ್ಮ ಎಂಬವರು ಹನ್ನೊಂದು ಮಕ್ಕಳ ಒಂದು ಸಣ್ಣ ಅನಾಥಾಲಯ ನಡೆಸುತ್ತಿದ್ದರು. ಅಲ್ಲಿದ್ದ ಸೀತುವಿಗೆ ಎಂಟು ವರ್ಷ. ಕೂಸಾಗಿದ್ದಾಗ ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವಳು. ಒಂದು ಕಾಲು ಸ್ವಲ್ಪ ಗಿಡ್ಡ, ನಾಲಗೆ ಮಾತ್ರ ಸಾಕಷ್ಟು ಉದ್ದ. ಮಗುವನ್ನು ಹೊರದೇಶಕ್ಕೆ ಕೊಡುವ ಮೊದಲು ನಮ್ಮ ದೇಶದವರನ್ನು ಕೇಳಬೇಕೆಂದು ಹಿಂದಿನ ವರ್ಷವಷ್ಟೇ ನಿಯಮವಾಗಿತ್ತು. ಕೇಳಿದ್ದೂ ಆಯಿತು. ಬಂದವರು ಸೀತುವಿನ ಮುಖ ನೋಡಿ ನಕ್ಕರು, ಕಾಲು ನೋಡಿದವರೇ ಗಡಿಯಾರ ನೋಡಿ ಬಸ್ಸಿಗೆ ಹೊತ್ತಾಯಿತೆಂದರು. ಕೊನೆಗೆ ಡೆನ್ಮಾರ್ಕಿನಿಂದ ಪೌಲ್ ಮತ್ತು ಇಂಗೆರ್ ಎಂಬ ಗಂಡ ಹೆಂಡತಿ, ಅಲ್ಲಿನ ಒಂದು ಸಂಸ್ಥೆಯ ಮೂಲಕ, ಈ ಮಗು ನಮಗೆ ಬೇಕು ಎಂದು ಬರೆದರು. ಅರ್ಜಿ ಹಾಕುವ ಕೆಲಸ ಭಟ್ಟರ ಪಾಲಿಗೆ ಬಂತು.

ಸಾರಮ್ಮನವರು ಮೊದಲ ದಿನವೇ ಜಗಳಕ್ಕೆ ನಿಂತರು.

"ಇದೆಂತ ವಕೀಲ್ರೆ, ಇದ್ರಲ್ಲಿ ಗಾರ್ಡಿಯನ್ ಅಂತ ಉಂಟು. ಅಪ್ಪ ಅಮ್ಮ ಅಂತ ಎಲ್ಲಿ ಉಂಟು? ಗಾರ್ಡಿಯನ್ ಆದವರು ಮಕ್ಕಳ ಜಾಗ ನುಂಗಿದ್ದನ್ನು ನಾನು ಎಷ್ಟು ನೋಡ್ಲಿಲ್ಲ!"

"ಸೀತುವಿಗೆ ನುಂಗ್ಲಿಕ್ಕೆ ಯಾವ ಜಾಗ ಉಂಟು ಮಾರಾಯ್ರೆ?" ಎಂದರು ಭಟ್ಟರು. "ಹೊರದೇಶದವರು ಇಲ್ಲಿ ದತ್ತು ತೆಗೊಳ್ಳುವ ಕಾನೂನು ನಮ್ಮಲ್ಲಿ ಇಲ್ಲ. ಹಾಗಾಗಿ ಇಲ್ಲಿಯ ಕೋರ್ಟು ಅವರನ್ನು ಪಾಲಕರು ಅಂತ ಮಾಡ್ತದೆ. ಅಪ್ಪ ಅಮ್ಮ ಆಗುದು ಅಲ್ಲಿಗೆ ಕರಕೊಂಡು ಹೋದ ಮೇಲೆ, ಅಲ್ಲಿಯ ಕಾನೂನಿನಲ್ಲಿ. ಎರಡು ವರ್ಷದ ಒಳಗೆ ಆಗ್ಬೇಕು."

"ಆಗದಿದ್ರೆ?"

"ಬರೆದು ಕೊಟ್ಟಿದ್ದಾರೆ. ಅಲ್ಲಿಯ ಸಂಸ್ಥೆ ಜವಾಬ್ದಾರಿ ಹೊತ್ತಿದೆ. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಮಗು ಹೇಗುಂಟು ಅಂತ ವರದಿ ಬರ್ತದೆ, ಫೋಟೋ ಸಮೇತ. ಅದಕ್ಕೂ ಮೊದಲು ಇಲ್ನೋಡಿ, ಗೃಹ ಅಧ್ಯಯನ ವರದಿ. ಅಲ್ಲಿಯ ಸಮಾಜ ಕಾರ್ಯಕರ್ತೆ ಆ ಮನೆಗೆ ನಾಲ್ಕು ಸಲ ಹೋಗಿ ಬರೆದದ್ದು. ಇಪ್ಪತ್ತೆರಡು ಪುಟ. ಹರಿಣಾಕ್ಷಿ, ಇದನ್ನು ಕನ್ನಡ ಮಾಡಿ ಸಾರಮ್ಮನವರಿಗೆ ಕೊಡು. ಓದಿದ ಮೇಲೆ ಜಗಳ ಮಾಡ್ಲಿ."

ಹರಿಣಾಕ್ಷಿ ಬಿ.ಎ. ಓದಿದವಳು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಕನ್ನಡ ಟೈಪ್‌ರೈಟರಿನ ಮುಂದೆ ಕುಳಿತವಳು ಮಧ್ಯಾಹ್ನದ ಊಟ ಮರೆತಳು. ಏನೆಲ್ಲ ಕೇಳಿದ್ದಳು ಆ ಸಮಾಜ ಕಾರ್ಯಕರ್ತೆ, ಪುಣ್ಯಾತ್ಗಿತ್ತಿ! ಗಂಡನಿಗೆ ಸಿಟ್ಟು ಬಂದರೆ ಏನು ಮಾಡುತ್ತಾನೆ? (ಹೊರಗೆ ಹೋಗಿ ಸೌದೆ ಒಡೆಯುತ್ತಾನೆ.) ಇಬ್ಬರಿಗೂ ಯಾವ ವಿಷಯಕ್ಕೆ ಜಗಳ? (ಮಲಗುವಾಗ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂದು.) ಕುಡಿತ ಎಷ್ಟು? ಅತ್ತೆಯ ಜೊತೆ ಹೇಗೆ? ಬರುವ ಮಗು ಹೇಳಿದ ಮಾತು ಕೇಳದಿದ್ದರೆ ಏನು ಮಾಡುತ್ತೀರಿ? ಮಗುವಿಗೆ ಬೇರೆ ಕೋಣೆ ಉಂಟೇ? ಬಚ್ಚಲು ಎಷ್ಟು ದೊಡ್ಡದು, ಗಿಡ್ಡ ಕಾಲಿನವಳು ಜಾರಿ ಬೀಳದಂತೆ ಹಿಡಿಕೆ ಹಾಕಿಸುತ್ತೀರಾ? ಇಷ್ಟು ಸಾಲದೆಂದು ಇವರನ್ನು ಬಲ್ಲ ಮೂವರ ಸಾಕ್ಷಿಪತ್ರ ಬೇರೆ. ಆ ಮೂವರಲ್ಲೊಬ್ಬಳು ನೆರೆಮನೆಯವಳು. ಪೌಲ್ ಒಳ್ಳೆಯವನು, ಆದರೆ ಎರವಲು ತಂದ ಏಣಿಯನ್ನು ಹಿಂದೆ ಕೊಡುವುದಿಲ್ಲ ಎಂದು ಅವಳು ಬರೆದಿದ್ದಳು. ಹರಿಣಾಕ್ಷಿ ಒಬ್ಬಳೇ ಕುಳಿತು ಗಟ್ಟಿಯಾಗಿ ನಕ್ಕಳು. ಕಂಡೇ ಇರದ ಆ ಮನೆಯೊಳಗೆ ಅವಳು ಆಗಲೇ ಓಡಾಡಲು ಶುರುಮಾಡಿದ್ದಳು.

ಅದೇ ಸಂಜೆ ಅಣ್ಣ ತ್ಯಾಂಪಣ್ಣ ಖುಷಿಯಲ್ಲಿ ಮನೆಗೆ ಬಂದ. ಅವನು ಪುತ್ತೂರು-ಸುಳ್ಯ ಬಸ್ಸಿನ ಕಂಡಕ್ಟರ್. ಆ ದಿನ ರಜೆ ಹಾಕಿ ಸುಳ್ಯದ ಆಚೆ ಆಲೆಟ್ಟಿಗೆ, ತಂಗಿಗೆ ಬಂದ ಸಂಬಂಧದ ಮನೆ ನೋಡಲು ಹೋಗಿದ್ದ. ಹುಡುಗನ ಹೆಸರು ಸರ್ವೋತ್ತಮ, ದನದ ಆಸ್ಪತ್ರೆಯಲ್ಲಿ ಕಂಪೌಂಡರ್.

"ಒಳ್ಳೆ ಮನೆ. ಬರುವ ಆದಿತ್ಯವಾರ ಅವರು ಬರ್ತಾರೆ. ಆವತ್ತೇ ಮಾತು ಮುಗಿಸುದು," ಎಂದ.

"ಎಷ್ಟು ಕೋಣೆ ಉಂಟು ಅಣ್ಣಾ?"

"ಕೋಣೆಯಾ? ಉಂಟಪ್ಪ, ಬೇಕಾದಷ್ಟು. ಊಟ ಭಾರೀ ಲಾಯ್ಕ ಇತ್ತು."

"ಹುಡುಗ ಹೇಗೆ?"

"ಪಾಪದವ. ಬೇರೆ ಎಂತ ಬೇಕು ನಿನಗೆ?"

ಇಷ್ಟೇ. ಗಿಡ್ಡ ಕಾಲಿನ ಎಂಟು ವರ್ಷದ ಹುಡುಗಿಯನ್ನು ಕರೆದೊಯ್ಯುವವರ ಬಗ್ಗೆ ಇಪ್ಪತ್ತೆರಡು ಪುಟ, ಇಪ್ಪತ್ತಾರು ವರ್ಷದ ತನ್ನನ್ನು ಕರೆದೊಯ್ಯುವವನ ಬಗ್ಗೆ ಒಂದೇ ಶಬ್ದ. ಅದೂ ಅಣ್ಣನದ್ದು. ಅವನಿಗೆ ಜಗಳವಿಲ್ಲದೆ ಟಿಕೆಟ್ ಕೊಂಡವರೆಲ್ಲ ಪಾಪದವರೇ. ಹರಿಣಾಕ್ಷಿಗೆ ಮೈಯೆಲ್ಲ ಉರಿಯಿತು. ಅವಳಿಗೆ ಮದುವೆ ಬೇಡವೆಂದಿರಲಿಲ್ಲ, ಈ ಹುಡುಗ ಬೇಡವೆಂದೂ ಇರಲಿಲ್ಲ. ಬೇಕೋ ಬೇಡವೋ ಎಂದು ಹೇಳಲು ಏನಾದರೂ ಗೊತ್ತಿರಬೇಕಲ್ಲ, ಯಾರಾದರೂ ಕೇಳಬೇಕಲ್ಲ.

ಬುಧವಾರ ಮಂಗಳೂರಿನ ಜಿಲ್ಲಾ ಕೋರ್ಟಿನಲ್ಲಿ ಅರ್ಜಿ ವಿಚಾರಣೆಗೆ ಬಂತು. ಮಗುವಿನ ವಿಷಯವಾದ್ದರಿಂದ ಜನರ ಎದುರಿಗಲ್ಲ, ನ್ಯಾಯಾಧೀಶರ ಕೋಣೆಯೊಳಗೆ. ಅವರು ಘಟ್ಟದ ಮೇಲಿನವರು, ತುಳು ಬಾರದು. ಸೀತುವಿಗೆ ತುಳು ಬಿಟ್ಟರೆ ಬೇರೆ ಭಾಷೆಯಲ್ಲಿ ಧೈರ್ಯ ಬಾರದು. ಹಾಗಾಗಿ ನಡುವೆ ನಿಂತು ಎರಡೂ ಕಡೆಯ ಮಾತು ಹೇಳುವ ಕೆಲಸ ಹರಿಣಾಕ್ಷಿಗೆ ಬಿತ್ತು. ಸೀತು, ಪೌಲ್ ಮತ್ತು ಇಂಗೆರ್ ಕಳಿಸಿದ್ದ ತಮ್ಮ ಮನೆಯ ಫೋಟೋಗಳ ಕಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತಿರುಗುವ ಫ್ಯಾನನ್ನು ನೋಡುತ್ತ ಆರಾಮವಾಗಿ ಕುಳಿತಿದ್ದಳು.

"ಇವಳಿಗೆ ಏಳು ದಾಟಿದೆ. ಇವಳ ಮನಸ್ಸಿನಲ್ಲೇನಿದೆ ಅಂತ ನಾನು ತಿಳ್ಕೋಬೇಕು," ಎಂದರು ನ್ಯಾಯಾಧೀಶರು. "ಕೇಳಮ್ಮ, ಈ ಡೆನ್ಮಾರ್ಕಿನವರ ಮನೆಗೆ ಹೋಗೋಕೆ ಇಷ್ಟ ಇದೆಯಾ?"

ಸೀತು ಹರಿಣಾಕ್ಷಿಯ ಕಡೆ ತಿರುಗಿದಳು. "ಇಲ್ಲ ಅಂದ್ರೆ ಬೈತಾರಾ?" ಎಂದು ತುಳುವಿನಲ್ಲಿ ಕೇಳಿದಳು. ಹರಿಣಾಕ್ಷಿ ಅದನ್ನು ಹಾಗೆಯೇ ದಾಟಿಸಿದಳು.

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾರೂ ಬೈಯಲ್ಲ. ಇಲ್ಲ ಅಂದ್ರೆ ಇಲ್ಲ ಅಂತಲೇ ಬರೀತೀನಿ."

ಸೀತು ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ಅಡುಗೆಮನೆ, ಹಿಮ ಬಿದ್ದ ಅಂಗಳ, ಹೊಸ ಹಿಡಿಕೆ ಹಾಕಿಸಿದ ಬಚ್ಚಲು. ಇದು ಇವರ ನಾಯಿ, ಇದಕ್ಕೂ ಒಂದು ಕಾಲು ಕುಂಟು, ಎಂದು ನ್ಯಾಯಾಧೀಶರಿಗೇ ಪರಿಚಯ ಮಾಡಿಕೊಟ್ಟಳು. ಅಲ್ಲಿ ತುಳು ಯಾರಿಗೂ ಬಾರದು, ಆದರೆ ಅವರು ಕಲಿಯಲು ಪುಸ್ತಕ ಕೇಳಿ ಬರೆದಿದ್ದಾರೆ, ಸಾರಮ್ಮ ಕಳಿಸುತ್ತಾರಂತೆ, ಎಂದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು, "ಹೋಗ್ತೇನೆ," ಎಂದಳು. ನ್ಯಾಯಾಧೀಶರ ಪೆನ್ನು ಹೊರಟಾಗ ಅದರ ಕಡೆ ಬೆರಳು ತೋರಿಸಿ, "ಯಾನೇ ಪಂಡಿನಿ," ಎಂದು ಸೇರಿಸಿದಳು.

"ಏನಂದಳು?"

"ನಾನೇ ಹೇಳಿದ್ದು ಅಂತ ಬರೀಬೇಕಂತೆ ಸರ್," ಎಂದಳು ಹರಿಣಾಕ್ಷಿ. ನ್ಯಾಯಾಧೀಶರು ಹಾಗೆಯೇ ಬರೆದರು, ಬರೆದದ್ದನ್ನು ಸೀತುವಿಗೆ ತೋರಿಸಿದರು. ಓದಲು ಬಾರದಿದ್ದರೂ ಅವಳು ಸಾಲಿನ ಮೇಲೆ ಬೆರಳಾಡಿಸಿ ತಲೆಯಾಡಿಸಿದಳು.

ಹಿಂದೆ ಬರುವಾಗ ಬಸ್ಸಿನಲ್ಲಿ ಸೀತು ಸಾರಮ್ಮನ ಮಡಿಲಲ್ಲಿ ನಿದ್ದೆ ಹೋದಳು. ಹರಿಣಾಕ್ಷಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬಸ್ಸು ಪುತ್ತೂರು ಸೇರುವ ಮೊದಲೇ ಅವಳ ಮನಸ್ಸಿನಲ್ಲಿ ಹದಿನಾಲ್ಕು ಪ್ರಶ್ನೆಗಳು ಸಾಲಾಗಿ ನಿಂತಿದ್ದವು. ಮರುದಿನ ಅವನ್ನು ಟೈಪ್ ಮಾಡಿದಳು. ಕೊನೆಯಲ್ಲಿ, ನಿಮ್ಮನ್ನು ಬಲ್ಲ ಮೂವರ ಹೆಸರು ಮತ್ತು ವಿಳಾಸ ಎಂದು ಹಾಕುವುದನ್ನೂ ಮರೆಯಲಿಲ್ಲ.

ಆದಿತ್ಯವಾರ ಆಲೆಟ್ಟಿಯವರು ಬಂದರು: ಸರ್ವೋತ್ತಮ, ಅವನ ತಾಯಿ, ಸೋದರಮಾವ ತೀರ್ಥರಾಮ. ಸರ್ವೋತ್ತಮ ತೆಳ್ಳಗೆ ಉದ್ದಕ್ಕಿದ್ದ, ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಹಬ್ಬಗಳನ್ನೆಲ್ಲ ಓದಿ ಮುಗಿಸಿದ. ತಿಂಡಿಯಾದ ಮೇಲೆ ಮಾವ, "ಹಾಗಾದ್ರೆ ದಿನ ನೋಡುವ. ಹುಡುಗಿಗೆ ಎಂತಾದ್ರೂ ಹೇಳ್ಲಿಕ್ಕೆ ಉಂಟಾ?" ಎಂದರು. ಇಂಥ ಕಡೆ ಈ ಮಾತು ಕೇಳುವುದುಂಟು, ಉತ್ತರ ಬರುವುದಿಲ್ಲವೆಂಬ ಭರವಸೆಯಿಂದ.

"ಉಂಟು," ಎಂದಳು ಹರಿಣಾಕ್ಷಿ. ಪ್ರಶ್ನೆಗಳ ಕಾಗದವನ್ನು ನೇರವಾಗಿ ಸರ್ವೋತ್ತಮನ ಕಡೆ ಚಾಚಿದಳು. ಮಾವ ನಡುವೆಯೇ ಎಳೆದುಕೊಂಡು ಓದಿದರು. ಮೂರನೇ ಪ್ರಶ್ನೆಗೆ ಅವರ ಮುಖ ಕೆಂಪಾಯಿತು.

"ಸಿಟ್ಟು ಬಂದರೆ ಏನು ಮಾಡುತ್ತೀರಿ! ಇದೆಂತ, ಪೊಲೀಸ್ ಠಾಣೆಯಾ? ತ್ಯಾಂಪಣ್ಣ, ಕರೆಸಿ ಮರ್ಯಾದೆ ತೆಗೀಲಿಕ್ಕಾ?"

ಸರ್ವೋತ್ತಮ ಎದ್ದು ಮಾವನ ಕೈಯಿಂದ ಕಾಗದ ತೆಗೆದುಕೊಂಡ, ಓದಿದ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿದ. ಮಾವ ದುರದುರನೆ ಮೆಟ್ಟಿಲಿಳಿದರು, ತಾಯಿಯೂ ಮಗನೂ ಹಿಂದೆಯೇ ಹೋದರು.

ಆಮೇಲೆ ಮನೆಯಲ್ಲಿ ನಡೆದದ್ದನ್ನು ಹೇಳುವುದು ಬೇಡ. ಅಣ್ಣ ಊಟ ಬಿಟ್ಟ, ಅಮ್ಮ ಅತ್ತಳು, ನೆರೆಯವರು ಸಕ್ಕರೆ ಕೇಳುವ ನೆಪದಲ್ಲಿ ಬಂದು ಸುದ್ದಿ ಕೇಳಿ ಹೋದರು. ಹರಿಣಾಕ್ಷಿಗೆ ಹೆದರಿಕೆಯಾಗಲಿಲ್ಲವೆಂದರೆ ಸುಳ್ಳು. ಆದರೆ ಕಾಗದ ಕೊಟ್ಟದ್ದಕ್ಕೆ ಒಂದು ಗಳಿಗೆಯೂ ಪಶ್ಚಾತ್ತಾಪವಾಗಲಿಲ್ಲ, ಇದು ಅವಳಿಗೇ ಆಶ್ಚರ್ಯ.

ಮುಂದಿನ ವಾರ ಕೋರ್ಟಿನ ಆದೇಶ ಬಂತು. ಸೀತುವಿನ ಪಾಸ್‌ಪೋರ್ಟಿಗೆ ಅರ್ಜಿ ಹೋಯಿತು, ಅವಳು ಫೋಟೋ ತೆಗೆಸಲು ಎರಡು ಜಡೆ ಹಾಕಿಸಿಕೊಂಡು ಆಫೀಸಿಗೆ ಬಂದು ಎಲ್ಲರಿಗೂ ತೋರಿಸಿದಳು. ಅದಾಗಿ ನಾಲ್ಕು ದಿನಕ್ಕೆ ಟಪಾಲಿನವನು ಹರಿಣಾಕ್ಷಿಯ ಹೆಸರಿಗೆ ಒಂದು ದಪ್ಪ ಲಕೋಟೆ ತಂದುಕೊಟ್ಟ. ಸುಳ್ಯದ ಮುದ್ರೆ. ಒಳಗೆ ಹನ್ನೆರಡು ಪುಟ, ದನದ ಔಷಧಿಯ ಚೀಟಿ ಬರೆದು ಅಭ್ಯಾಸವಾದ ಸಣ್ಣ ಅಕ್ಷರ, ಪ್ರಶ್ನೆಯ ನಂಬರು ಹಾಕಿ ಉತ್ತರ.

ಕೋಣೆ ಮೂರು, ಒಂದು ಮಳೆಗಾಲದಲ್ಲಿ ಸೋರುತ್ತದೆ. ಅಡುಗೆಮನೆಯಲ್ಲಿ ಹೊಗೆ. ನೀವು ಕೇಳಿದ ಮೇಲೆ ಒಳಗೆ ಹೋಗಿ ಅರ್ಧ ಗಂಟೆ ಕುಳಿತು ನೋಡಿದೆ, ಅಮ್ಮ ಇಷ್ಟು ವರ್ಷ ಹೇಗಿದ್ದಾರೋ ತಿಳಿಯಲಿಲ್ಲ, ಚಿಮಣಿಗೆ ಆಚಾರಿಗೆ ಹೇಳಿದ್ದೇನೆ. ಬಚ್ಚಲು ಹೊರಗೆ, ಮನೆಯಿಂದ ಮೂವತ್ತೊಂದು ಹೆಜ್ಜೆ. ಸಿಟ್ಟು ಬರುತ್ತದೆ, ಬಂದರೆ ಎರಡು ದಿನ ಮಾತು ಬಿಡುತ್ತೇನೆ, ಇದು ಒಳ್ಳೆಯ ಗುಣವಲ್ಲ ಎಂದು ಅಮ್ಮನ ಅಭಿಪ್ರಾಯ. ನಿಮ್ಮ ಕೆಲಸ: ಸುಳ್ಯದಲ್ಲೂ ವಕೀಲರಿದ್ದಾರೆ, ಇಬ್ಬರಲ್ಲಿ ವಿಚಾರಿಸಿದೆ, ಒಬ್ಬರಿಗೆ ಟೈಪಿಸ್ಟ್ ಬೇಕಂತೆ. ನನ್ನನ್ನು ಬಲ್ಲ ಮೂವರು: ನಮ್ಮ ಡಾಕ್ಟರು, ಅಂಗಡಿಯ ಮೊಯ್ದಿನಬ್ಬ, ಮತ್ತು ಬೆಟ್ಟಂಪಾಡಿಯ ಈಶ್ವರಿ ಎಂಬವರು. ಮೂರು ವರ್ಷದ ಹಿಂದೆ ಇವರ ಮಗಳ ಜೊತೆ ನನ್ನ ಸಂಬಂಧ ನಿಶ್ಚಯವಾಗಿ ನಮ್ಮ ಮಾವನ ಮಾತಿನಿಂದ ತಪ್ಪಿಹೋಯಿತು. ನಾನು ಬಾಯಿ ಬಿಡಲಿಲ್ಲ. ಅವರು ನನ್ನ ಬಗ್ಗೆ ಒಳ್ಳೆಯದು ಹೇಳಲಾರರು, ಆದರೂ ಕೇಳಿ.

ಹರಿಣಾಕ್ಷಿ ನಿಂತು ಓದಿದಳು, ಕುಳಿತು ಓದಿದಳು, ನೀರು ಕುಡಿದು ಮತ್ತೊಮ್ಮೆ ಓದಿದಳು. ಈಶ್ವರಿಯ ಹೆಸರಿರುವ ಪುಟವನ್ನು ಎರಡು ಸಲ ಜಾಸ್ತಿ ಓದಿದಳು. ತನ್ನ ವಿರುದ್ಧ ಸಾಕ್ಷಿ ಹೇಳುವವರ ವಿಳಾಸವನ್ನು ತಾನೇ ಬರೆದುಕೊಟ್ಟ ಮನುಷ್ಯ! ಅವಳು ಶನಿವಾರ ಬೆಟ್ಟಂಪಾಡಿಗೆ ಹೋದಳು. ಈಶ್ವರಿ ಚೆನ್ನಾಗಿಯೇ ಬೈದರು. ಕೊನೆಗೆ, "ಆವತ್ತು ಅವ ಒಂದು ಮಾತು ಹೇಳಿದ್ರೆ ಸಾಕಿತ್ತು. ಈಗ ಬರೀತಾನಾ? ಹಾಗಾದ್ರೆ ಕಲಿತಿದ್ದಾನೆ," ಎಂದರು.

ಸೋಮವಾರ ಬೆಳಿಗ್ಗೆ ಅವಳು ಹನ್ನೆರಡನೇ ಪುಟವನ್ನು ಟೈಪ್‌ರೈಟರಿನ ಪಕ್ಕದಲ್ಲಿಟ್ಟುಕೊಂಡಳು. ಆ ಪುಟದಲ್ಲಿದ್ದದ್ದು ಎರಡೇ ಸಾಲು. 'ಆವತ್ತು ನಿಮ್ಮ ಮನೆಯಲ್ಲಿ ನಿಮಗೆ ಇಷ್ಟವುಂಟೇ ಎಂದು ಯಾರೂ ಕೇಳಲಿಲ್ಲವೆಂದು ನನಗೆ ಆಮೇಲೆ ಹೊಳೆಯಿತು. ನಾನು ಕೇಳುತ್ತಿದ್ದೇನೆ: ಬರುತ್ತೀರಾ?'

ಒಳಗಿನಿಂದ ಭಟ್ಟರು ಯಾವುದೋ ಫೈಲಿಗೆ ಕೂಗಿದರು. "ಬಂದೆ ಸರ್, ಒಂದು ನಿಮಿಷ," ಎಂದು ಹರಿಣಾಕ್ಷಿ ಹೊಸ ಹಾಳೆ ಸಿಕ್ಕಿಸಿ, ಬೆರಳು ತಪ್ಪದಂತೆ ನಿಧಾನವಾಗಿ ಒತ್ತಿದಳು.

'ಬರುತ್ತೇನೆ. ಯಾನೇ ಪಂಡಿನಿ.'