ಒಂಬತ್ತು ಗಂಟೆಯ ಪುಡಿ

ಇರ್ಮಾ ಕಲಾಮ್ ಬೀದಿಯಲ್ಲಿ ನಡೆಯುವಾಗಲೂ ಎಡಗಣ್ಣನ್ನು ಅರೆ ಮುಚ್ಚಿಕೊಂಡೇ ನಡೆಯುತ್ತಿದ್ದಳು. ಮೂವತ್ತು ವರ್ಷ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಗಡಿಯಾರದೊಳಗೆ ಕೂರಿಸಿದವಳು. ಕೆಲಸ ಮುಗಿಯಿತೆಂಬುದು ಆ ಎಡಗಣ್ಣಿಗೆ ತಿಳಿಯುತ್ತಲೇ ಇರಲಿಲ್ಲ. ಕತ್ತು ಅಲುಗದು, ಭುಜ ಅಲುಗದು, ತುಂಬಿದ ಹಾಲಿನ ಪಾತ್ರೆ ಹೊತ್ತವಳಂತೆ ಆ ಗಂಭೀರ ನಡಿಗೆ. ಮೈಮೇಲೆ ಸದಾ ಅದೇ ಬೂದುಬಣ್ಣದ ಕೋಟು. ಅದರ ಜೇಬುಗಳಲ್ಲಿ ಒಂದು ಮಾತ್ರ ಜೋತುಬಿದ್ದಿತ್ತು, ಏಕೆಂದರೆ ತಲೆನೋವಿನ ಪುಡಿಯ ಪೊಟ್ಟಣಗಳು ಇರುತ್ತಿದ್ದದ್ದು ಅದರಲ್ಲಿ.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಆ ವರ್ಷಗಳಲ್ಲಿ, ಜೂರಾ ಬೆಟ್ಟಗಳ ನಮ್ಮ ಕಣಿವೆಯಲ್ಲಿ, ಗಡಿಯಾರದ ಕಾರ್ಖಾನೆಯ ಮೆಟ್ಟಿಲು ಹತ್ತದ ಹೆಣ್ಣುಮಗಳು ವಿರಳ. ಆ ಪುಡಿಯ ರುಚಿ ಕಾಣದವಳಂತೂ ಇಲ್ಲವೆನ್ನಬಹುದು. ಬೆಳಿಗ್ಗೆ ಒಂಬತ್ತಕ್ಕೆ ಬಿಡುವಿನ ಗಂಟೆ ಬಾರಿಸಿದೊಡನೆ ಬೆಂಚಿನುದ್ದಕ್ಕೂ ಬ್ರೆಡ್ಡುಗಳು ಹೊರಬರುತ್ತಿದ್ದವು. ಬೆಣ್ಣೆ ಹಚ್ಚಿ, ಅದರ ಮೇಲೆ ಸಕ್ಕರೆ ಉದುರಿಸುವಷ್ಟೇ ಸಹಜವಾಗಿ ಪುಡಿ ಉದುರಿಸಿ ತಿನ್ನುವುದು ನಮ್ಮ ಪದ್ಧತಿ. ಹೊಸದಾಗಿ ಸೇರಿದ ಹುಡುಗಿಗೆ ಮೊದಲ ದಿನದ ಬ್ರೆಡ್ಡು ಹಿರಿಯಳ ಕೈಯಿಂದಲೇ ಸಲ್ಲಬೇಕು. ನಮ್ಮ ಬೆಂಚಿನ ಹಿರಿಯಳು ಇರ್ಮಕ್ಕ.

ತನ್ನ ತಂಗಿಯ ಮಗಳು ಜೋಸೆಟ್ ಹದಿನಾರನೆಯ ವಯಸ್ಸಿಗೆ ಪಕ್ಕದಲ್ಲಿ ಬಂದು ಕುಳಿತಾಗ, ಇರ್ಮಕ್ಕ ಮೂಲೆಮೂಲೆಗೂ ಬೆಣ್ಣೆ ಸವರಿ ಪುಡಿ ಉದುರಿಸಿ ಕೊಟ್ಟಳು.

"ನಂಗೆ ತಲೆನೋವಿಲ್ಲ, ದೊಡ್ಡಮ್ಮ," ಎಂದಳು ಹುಡುಗಿ.

"ಬರೋಕೆ ಮುಂಚೆ ತಿನ್ಬೇಕು ಕಣೆ. ಗಡಿಯಾರ ನಿಂತ್ಮೇಲೆ ಯಾರಾದ್ರೂ ಎಣ್ಣೆ ಬಿಡ್ತಾರಾ?"

ಗಡಿಯಾರ ಮಾಡುವವರಿಗೆ ಇದಕ್ಕಿಂತ ಸಮರ್ಪಕವಾದ ತರ್ಕ ಬೇಡ. ಜೋಸೆಟ್ ತಿಂದಳು. ಮೂರು ತಿಂಗಳಲ್ಲಿ ಅವಳ ಕೋಟಿನ ಜೇಬೂ ಜೋತುಬಿತ್ತು.

ಇದೇ ಇರ್ಮಕ್ಕ ಹೋಟೆಲಿನಲ್ಲಿ ಹಗಲುಹೊತ್ತೇ ವೈನ್ ಹೀರುವ ಹೆಂಗಸರನ್ನು ಕಂಡರೆ ಮೂಗು ಮುರಿಯುತ್ತಿದ್ದಳೆಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ, ನಗುವಿನ ಹಿಂದೆಯೇ ಸಂಕಟವೂ. ಚಟವೆಂಬುದು ಬೇರೆಯವರ ಮನೆಯ ಮಾತು ಎಂದೇ ಅವಳ ದೃಢನಂಬಿಕೆಯಾಗಿತ್ತು.

ವಯಸ್ಸು ಐವತ್ತೆರಡು ದಾಟುವ ಹೊತ್ತಿಗೆ ಅವಳ ಮುಖ ಬೂದಿಬಣ್ಣಕ್ಕೆ ತಿರುಗಿತು. ಮೆಟ್ಟಿಲ ತಿರುವಿನಲ್ಲೆಲ್ಲ ನಿಂತು, ಬೆಟ್ಟದ ಮೇಲಿನ ಹಿಮ ನೋಡುತ್ತಿದ್ದೇನೆ ಎನ್ನುವಳು. ಏದುಸಿರು ಮಾತ್ರ ನಮಗೆಲ್ಲ ಕೇಳಿಸುತ್ತಿತ್ತು. ಎಷ್ಟು ಕುಡಿದರೂ ಬಾಯಾರಿಕೆ ತೀರದು. ಕೊನೆಗೆ ಜೋಸೆಟ್ ಬಲವಂತದಿಂದ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದಳು.

"ಯಾವುದಾದ್ರೂ ಔಷಧಿ ತಗೋತಿದ್ದೀರಾ?" ಎಂದು ಡಾಕ್ಟರು ಕೇಳಿದರು.

"ಇಲ್ಲಪ್ಪ. ಔಷಧಿ ಅಂದ್ರೆ ನಂಗಾಗಲ್ಲ," ಎಂದಳು, ಸುಳ್ಳಿನ ಲವಲೇಶವೂ ಇಲ್ಲದೆ. ಅಷ್ಟರಲ್ಲಿ ಗೋಡೆ ಗಡಿಯಾರ ಒಂಬತ್ತು ಹೊಡೆಯಿತು. ಕೈ ತಾನಾಗಿಯೇ ಜೇಬಿಗಿಳಿಯಿತು.

"ಇದೇನಮ್ಮ ಮತ್ತೆ?"

"ಇದಾ? ಇದು ಔಷಧಿ ಅಲ್ಲ ಡಾಕ್ಟ್ರೇ. ಒಂಬತ್ತು ಗಂಟೆದು."

"ದಿನಕ್ಕೆ ಎಷ್ಟು?"

"ಎಂಟು. ಹಬ್ಬಕ್ಕೆ ಒಂದೆರಡು ಜಾಸ್ತಿ. ನೆಂಟ್ರು ಬರ್ತಾರಲ್ಲ."

ಡಾಕ್ಟರು ನಗಲಿಲ್ಲ. ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಮುಗಿದ ಮೇಲೆ, ಆ ಪುಡಿಯೇ ಎರಡೂ ಕಿಡ್ನಿಗಳನ್ನು ಒಣಗಿಸಿದೆ, ಹೋದದ್ದು ಮರಳಿ ಬರುವುದಿಲ್ಲ, ಈಗ ಬಿಟ್ಟರೆ ನಾಲ್ಕು ವರ್ಷ ಸಿಗಬಹುದು ಎಂದರು. ಇರ್ಮಕ್ಕ ತನ್ನ ಬಗ್ಗೆ ಏನೂ ಕೇಳಲಿಲ್ಲ.

"ಇಪ್ಪತ್ಮೂರು ವರ್ಷದೋಳಿಗೆ? ಏಳು ವರ್ಷದಿಂದ ತಿಂತಿರೋಳಿಗೆ?"

"ಇವತ್ತೇ ಬಿಟ್ರೆ ಉಳ್ಕೋತಾಳೆ."

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಪುಡಿ ಬಿಡು ಎಂದು ಜೋಸೆಟ್‌ಗೆ ಹೇಳಿ ನೋಡಿದಳು. ಜೋಸೆಟ್ ಸಿಡುಕಿದಳು. "ಕೊಟ್ಟೋಳು ನೀನೇ, ಈಗ ವಿಷ ಅನ್ನೋಳೂ ನೀನೇ. ಹೋದ ವರ್ಷ ಒಂದಿನ ಬಿಟ್ಟಿದ್ದೆ. ತಲೆ ಸಿಡೀತು, ಕೈ ನಡುಗ್ತು. ಬಿಟ್ಟು ಬದುಕಿದೋರನ್ನ ಒಬ್ಬರನ್ನ ತೋರ್ಸು, ನಾನೂ ಬಿಡ್ತೀನಿ."

ತೋರಿಸಲು ಕಣಿವೆಯಲ್ಲಿ ಒಬ್ಬರೂ ಇರಲಿಲ್ಲ.

ಮರುದಿನ ಒಂಬತ್ತಕ್ಕೆ ಇರ್ಮಕ್ಕ ಬರೀ ಬೆಣ್ಣೆಯ ಬ್ರೆಡ್ಡು ತಿಂದಳು. ರಜೆ ಹಾಕಿ ಮನೆಯಲ್ಲಿ ಮಲಗಬಹುದಿತ್ತು, ಮಲಗಲಿಲ್ಲ. ಎಲ್ಲರೆದುರು, ಅದೇ ಬೆಂಚಿನಲ್ಲಿ, ಹಣೆಗೆ ಒದ್ದೆ ಬಟ್ಟೆ ಬಿಗಿದುಕೊಂಡು ಕುಳಿತಳು. ಕಣಿವೆಯಲ್ಲೇ ಹೆಸರಾದ ಆ ನಿಶ್ಚಲ ಹಸ್ತ ಎಲೆಯಂತೆ ಕಂಪಿಸಿತು. ಸ್ಪ್ರಿಂಗುಗಳು ಒಂದರ ಮೇಲೊಂದು ಸೊಟ್ಟಗಾದವು. ಐದನೆಯ ದಿನ ಮೇಸ್ತ್ರಿ ಅವಳನ್ನು ಪೆಟ್ಟಿಗೆ ಕಟ್ಟುವ ಕೋಣೆಗೆ ಕಳಿಸುತ್ತೇನೆಂದಾಗ, ಒಂದು ವಾರ ಇಲ್ಲೇ ಇರಲು ಬಿಡಿ ಎಂದು ಬೇಡಿಕೊಂಡಳು. ಜನ್ಮದಲ್ಲಿ ಯಾರನ್ನೂ ಏನೂ ಬೇಡದವಳು. ನಾವೆಲ್ಲ ತಲೆ ತಗ್ಗಿಸಿ ನಮ್ಮ ನಮ್ಮ ಪೊಟ್ಟಣ ಬಿಚ್ಚುತ್ತಿದ್ದೆವು. ನಮಗೆ ನಾಚಿಕೆಯಾಗುತ್ತಿತ್ತು, ಆದರೂ ಬಿಚ್ಚುತ್ತಿದ್ದೆವು.

ಹನ್ನೆರಡನೆಯ ದಿನ ಬೆಳಿಗ್ಗೆ ಅವಳು ಹಣೆಯ ಬಟ್ಟೆಯನ್ನು ಬಿಚ್ಚಿ ಮಡಿಸಿಟ್ಟಳು. "ಹೋಯ್ತು ಕಣೆ," ಎಂದಳು. "ತಲೆ ಹಗುರಾಗಿದೆ. ನೋಡು, ಸತ್ತಿಲ್ಲ."

ಜೋಸೆಟ್ ತನ್ನ ಬ್ರೆಡ್ಡಿನ ಮೇಲಿನ ಪುಡಿಯನ್ನು ಚಾಕುವಿನಿಂದ ಬೆಣ್ಣೆಸಮೇತ ಕೆರೆದು ಹಾಕಿದಳು. ಮುಂದಿನ ಹತ್ತು ದಿನ ಅವಳು ಅತ್ತಳು, ವಾಂತಿ ಮಾಡಿಕೊಂಡಳು, ದೊಡ್ಡಮ್ಮನನ್ನು ಬಾಯಿಗೆ ಬಂದಂತೆ ಬೈದಳು. ಇರ್ಮಕ್ಕ ಬೈಸಿಕೊಂಡಳು. ಅವಳ ಕೈ ಮಾತ್ರ ಮೊದಲಿನ ಹಾಗೆ ನಿಲ್ಲಲೇ ಇಲ್ಲ. ಉಳಿದ ಮೂರು ವರ್ಷಗಳಲ್ಲಿ ಮೈಯಲ್ಲಿ ಶಕ್ತಿಯಿದ್ದಷ್ಟು ದಿನ ಪೆಟ್ಟಿಗೆ ಕಟ್ಟಿ, ಆಮೇಲೆ ಹಾಸಿಗೆ ಹಿಡಿದು ತೀರಿಕೊಂಡಳು. ಜೋಸೆಟ್‌ಳ ಕಿಡ್ನಿಗಳು ಉಳಿದವು. ಅವರಿಬ್ಬರನ್ನು ನೋಡಿ ನಾವೂ ಒಬ್ಬೊಬ್ಬರಾಗಿ ಪುಡಿ ಬಿಟ್ಟೆವು.

ನೋವನ್ನು ಯಾರಿಗೂ ಕಾಣಿಸದೆ ನುಂಗಿಕೊಳ್ಳುವ ಹೆಂಗಸರು ಎಲ್ಲ ಊರಲ್ಲೂ ಇದ್ದಾರೆ. ಅವರು ಅದನ್ನೇ ಸದ್ಗುಣವೆಂದು ತಿಳಿದು ಕಿರಿಯರಿಗೂ ಅಕ್ಕರೆಯಿಂದ ಕಲಿಸಿಬಿಡುತ್ತಾರೆ. ದ್ವೇಷದಿಂದ ಮಾಡಿದ ತಪ್ಪನ್ನು ಒಪ್ಪಿಕೊಂಡವರನ್ನು ನಾವು ಅಲ್ಲಲ್ಲಿ ಕಂಡಿದ್ದೇವೆ. ಪ್ರೀತಿಯಿಂದ ಮಾಡಿದ ತಪ್ಪನ್ನು ಒಪ್ಪಿಕೊಳ್ಳುವವರು ಅಪರೂಪ. ಹಾಗೆ ಒಪ್ಪಿಕೊಂಡು, ಜೀವಮಾನದ ಹೆಮ್ಮೆಯಾಗಿದ್ದ ಕೈ ನಡುಗುವುದನ್ನು ತಾನೇ ಎಲ್ಲರಿಗೂ ತೋರಿಸುತ್ತ ಕೂರುವವಳು ಒಂದು ಕಣಿವೆಗೆ ಒಬ್ಬಳಿದ್ದರೆ, ಆ ಕಣಿವೆಯ ಹೆಣ್ಣುಮಕ್ಕಳು ಬದುಕಿಕೊಳ್ಳುತ್ತಾರೆ.