ಎಮಿಲ್‌ನ ಕೊನೆಯ ಮೆರವಣಿಗೆ

ಟ್ರೆಮೆ ಕೇರಿಯಲ್ಲಿ ಯಾರು ತೀರಿಕೊಂಡರೂ ಹೆಣದ ಮುಂದೆ ನಾರ್ಸಿಸ್ ಡೂಪ್ಲೆಸಿಯ ಟ್ರಂಪೆಟ್ ಇರಲೇಬೇಕು. ಸ್ಮಶಾನಕ್ಕೆ ಹೋಗುವಾಗ ಕರುಳು ಹಿಂಡುವಂತೆ, ಮಣ್ಣು ಮಾಡಿ ಬರುವಾಗ ಸತ್ತವರೂ ಎದ್ದು ಕುಣಿಯುವಂತೆ ಊದುತ್ತಿದ್ದ. ಅವನ ಬ್ಯಾಂಡಿಗೆ ಹದಿನೆಂಟು ವರ್ಷ ಡ್ರಮ್ ಬಾರಿಸಿದವನು ತಮ್ಮ ಎಮಿಲ್. ತಾಯಿ ಸತ್ತ ಮೇಲೆ ಅವನನ್ನು ಸಾಕಿದ್ದೂ ನಾರ್ಸಿಸನೇ.

ಷಿಕಾಗೋದ ದೊಡ್ಡ ನೃತ್ಯಮಂದಿರವೊಂದು ಬ್ಯಾಂಡನ್ನು ಮೂರು ತಿಂಗಳಿಗೆ ಕರೆಸಿದಾಗ ಇಡೀ ಕೇರಿ ಹಿಗ್ಗಿತು. ಆದರೆ ಆ ಚಳಿಗಾಲ ಎಮಿಲ್‌ನ ತಾಳ ತಪ್ಪತೊಡಗಿತ್ತು, ಕೋಲು ಕೈಜಾರುತ್ತಿತ್ತು. ರೈಲು ನಿಲ್ದಾಣದಲ್ಲಿ, ಎಲ್ಲರೆದುರೇ, ನಾರ್ಸಿಸ್ ಅವನನ್ನು ತಡೆದ.

“ನೀನು ಹತ್ಬೇಡ. ಬೇರೆಯವನನ್ನ ಗೊತ್ತು ಮಾಡಿದೀನಿ.”

“ಕುಡಿದಿಲ್ಲ ಕಣಣ್ಣ, ದೇವರಾಣೆ. ಕೈಗೇನೋ ಆಗಿದೆ.”

“ಬಾಟ್ಲಿ ಹಿಡಿಯೋವಾಗ ಮಾತ್ರ ಏನೂ ಆಗಲ್ಲ, ಅಲ್ವಾ?”

ಬ್ಯಾಂಡಿನವರು ಗೊಳ್ಳೆಂದರು. ಎಮಿಲ್ ತಾನೂ ನಗಲು ನೋಡಿದ.

ಷಿಕಾಗೋದಲ್ಲಿ ಜನ ಮುಗಿಬಿದ್ದರು. ಮೂರು ತಿಂಗಳು ಹೋಗಿ ಆರಾಯಿತು. ಏಳನೆಯ ತಿಂಗಳಲ್ಲಿ ತಮ್ಮ ತೀರಿಕೊಂಡನೆಂದು ತಂತಿ ಬಂತು. ಎಮಿಲ್‌ನ ಮಿದುಳಿನಲ್ಲಿ ಗೆಡ್ಡೆ ಇತ್ತಂತೆ.

ರೈಲಿಳಿದ ನಾರ್ಸಿಸ್ ಟ್ರಂಪೆಟ್ ಹಿಡಿದು ನೇರ ತಮ್ಮನ ಮನೆಗೆ ಬಂದ. ಎಮಿಲ್‌ನ ಹೆಂಡತಿ ಒಡೀಲ್ ಬಾಗಿಲಿಗೆ ಅಡ್ಡ ನಿಂತಳು.

“ಅದನ್ನ ಊದಬೇಡಿ, ಭಾವ.”

“ನನ್ನ ತಮ್ಮ ಕಣಮ್ಮ ಅವನು...”

“ಆವತ್ತು ನಿಲ್ದಾಣದಲ್ಲಿ ಅವರು ನಿಮಗೆ ಯಾರಾಗಿದ್ರು? ದಿನಾ ನಿಮ್ಮ ಕಾಗದ ಬಂತಾ ಅಂತ ಕೇಳೋರು. ಒಂದು ಸಾಲು ಬರೀಲಿಲ್ಲ ನೀವು. ಎಲ್ಲರ ಹಾಗೆ ಹಿಂದೆ ಬನ್ನಿ.”

ಆ ದಿನ ಬೇರೆ ಯಾರೋ ಊದಿದರು. ನಾರ್ಸಿಸ್ ಟೋಪಿ ತೆಗೆದು ಎಲ್ಲರ ಹಿಂದೆ ನಡೆದ. ಮರಳುವಾಗ ಬ್ಯಾಂಡು ಕುಣಿತದ ರಾಗ ಎತ್ತಿಕೊಂಡಿತು, ಜನ ಪದ್ಧತಿಯಂತೆ ಕೊಡೆ ಬಿಚ್ಚಿ ಕುಣಿದರು. ಅವನು ಮಾತ್ರ ಸ್ಮಶಾನದ ಗೇಟಿನ ಬಳಿಯೇ ಕುಸಿದು ಕೂತ.

ಮುಂದೆ ಅವನ ಹೆಸರು ಬೆಳೆಯಿತು, ರೆಕಾರ್ಡುಗಳು ಬಂದವು. ಆದರೆ ಯಾರ ಹೆಣದ ಮುಂದೆಯೂ ಊದಲು ಹೋಗಲಿಲ್ಲ. ನಾಲ್ಕು ವರ್ಷದ ಮೇಲೆ ಒಂದು ಮಧ್ಯಾಹ್ನ ಒಡೀಲ್ ತಾನಾಗಿಯೇ ಬಂದಳು.

“ನಮ್ಮಮ್ಮ ಹೋದ್ಲು. ನೀವೇ ಊದಬೇಕು ಅಂತ ಅವಳಾಸೆ.”

ಅವನು ಹೋದ, ಊದಿದ. ಎಲ್ಲ ಮುಗಿದ ಮೇಲೆ ಒಡೀಲ್ ಅಡುಗೆಮನೆಯಲ್ಲಿ ಅವನ ಮುಂದೆ ಅನ್ನ, ಕೆಂಪು ಬೀನ್ಸ್ ಕಾಳಿನ ಸಾರು ಇಟ್ಟು ಎದುರಿಗೆ ಕೂತಳು.

“ಆವತ್ತು ಸಿಟ್ಟಲ್ಲಿ ಬೇಡ ಅಂದೆ, ಭಾವ. ಅವರಿಗೆ ನಿಮ್ಮ ಟ್ರಂಪೆಟ್ಟೇ ಬೇಕಿತ್ತು. ‘ಅಣ್ಣ ಬರ್ತಾನೆ, ಅವನೇ ಊದ್ತಾನೆ ಬಿಡೇ’ ಅಂತಿದ್ರು, ಕೊನೇ ದಿನಾನೂ. ನಾನೇ ತಪ್ಪಿಸಿದೆ.”

ನಾರ್ಸಿಸ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟು, ಟ್ರಂಪೆಟ್ ಎತ್ತಿ ತೊಡೆಯ ಮೇಲಿಟ್ಟುಕೊಂಡ.